ಬೋರ್ ಬಾಯಿಗೆ ಮುಚ್ಚಳ ಹಾಕಿಸಿ

ಕೇಳುಗರಿಗೆ ನಮಸ್ಕಾರ.

ಕೊಳವೆ ಬಾವಿಗೆ ಮಗು ಬಿದ್ದ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: 'ಹೆತ್ತವರನ್ನು ಜೈಲಿಗೆ ಹಾಕಬೇಕು, ಆಗ ಎಲ್ಲರಿಗೂ ಬುದ್ಧಿ ಬರುತ್ತದೆ.' ಬರುವುದಿಲ್ಲ ಸ್ವಾಮಿ. ಶಿಕ್ಷೆಯ ಭಯ ತಡೆಯುವುದು ಲೆಕ್ಕ ಹಾಕಿ ತಪ್ಪು ಮಾಡುವವನನ್ನು. ತನ್ನ ಮಗುವೇ ಬಿದ್ದೀತೆಂದು ಕನಸಿನಲ್ಲಿಯೂ ಎಣಿಸದ ತಂದೆ ಯಾವ ಲೆಕ್ಕ ಹಾಕಿರುತ್ತಾನೆ? ಬೇಕಾದದ್ದು ಮುಚ್ಚಳ.

ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕಿನ ಲಚ್ಯಾಣವನ್ನು ನೆನಪಿಸಿಕೊಳ್ಳಿ. 2024ರ ಏಪ್ರಿಲ್ ತಿಂಗಳು. ತಮ್ಮದೇ ಹೊಲ, ಮನೆಯವರೇ ಕೊರೆಸಿದ ಬಾವಿ. ಆಡುತ್ತಿದ್ದ ಪುಟ್ಟ ಮಗು ತಲೆಕೆಳಗಾಗಿ ಒಳಗೆ ಜಾರಿತು. ಕ್ಯಾಮೆರಾ ಇಳಿಸಿ ನೋಡಿದರೆ ಎರಡು ಎಳೆಯ ಕಾಲುಗಳು, ಅವು ಅಲುಗಾಡುತ್ತಿದ್ದವು! ಪೈಪಿನಲ್ಲಿ ಆಮ್ಲಜನಕ ಬಿಟ್ಟರು. ಪಕ್ಕದಲ್ಲಿ ಯಂತ್ರ ತಂದು ಗುಂಡಿ ತೋಡಿದರು, ಅಲ್ಲಿಂದ ಅಡ್ಡಲಾಗಿ ಕೊರೆಯಹೊರಟರೆ ಬಂಡೆ ಎದುರಾಯಿತು. ಇಡೀ ರಾತ್ರಿ ಕಳೆಯಿತು. ಸುಮಾರು ಇಪ್ಪತ್ತು ಗಂಟೆಗಳ ನಂತರ ಮಗು ಜೀವಂತವಾಗಿ ಮೇಲೆ ಬಂತು. ಆ ತಾಯಿತಂದೆ ಆ ಒಂದು ರಾತ್ರಿ ಉಂಡದ್ದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಧೀಶರು ಬರೆದಾರು? 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ಕಡೆಯ ಝುಂಜರವಾಡದಲ್ಲಿ ಬಿದ್ದ ಮಕ್ಕಳು ಉಳಿಯಲಿಲ್ಲ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಹಳೆಯ ದಂಡ ಸಂಹಿತೆಯಲ್ಲಿ 2 ವರ್ಷದವರೆಗೆ ಸೆರೆವಾಸವಿತ್ತು. ಈಗಿನ ನ್ಯಾಯ ಸಂಹಿತೆ ಅದನ್ನು 5 ವರ್ಷಕ್ಕೆ ಏರಿಸಿದೆ. ಏರಿಸಲಿ. ಹೊಲದಲ್ಲಿರುವ ತೂತು ಮುಚ್ಚಿತೇ?

ನಾವು ಮಾಡುವುದೇನು? ನೀರು ಬೀಳದಿದ್ದರೆ ಮಣ್ಣು ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪ್ ಕಿತ್ತು ಇನ್ನೊಂದು ಬೋರ್‌ಗೆ ಒಯ್ಯುತ್ತೇವೆ. ಉಳಿದ ಬಾಯಿಗೆ ಒಂದು ಗೋಣಿಚೀಲ, ಅದರ ಮೇಲೊಂದು ಕಲ್ಲು. ಸುಪ್ರೀಂ ಕೋರ್ಟ್ 2010ರಲ್ಲೇ ಬಿಡಿಸಿ ಹೇಳಿದೆ: ಪೈಪಿನ ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಿರಿ, ಇಲ್ಲವೇ ನಟ್ಟು ಬೋಲ್ಟು ಬಿಗಿದ ಮುಚ್ಚಳ ಹಾಕಿ. ಬೇಡವಾದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬಿಸಿ. ಮತ್ತೆ ಹೇಳುತ್ತೇನೆ, ಮುಚ್ಚಳ!

ದಂಡ ಹಾಕಲೇಬೇಕು ಎನ್ನುವವರು ಬೋರ್ ಲಾರಿಯ ಮಾಲೀಕರತ್ತ ತಿರುಗಲಿ. ಅವರದು ವ್ಯಾಪಾರ, ಲೆಕ್ಕ ಬಲ್ಲವರು, ಭಯ ಅಲ್ಲಿ ನಾಟುತ್ತದೆ. ಪಂಚಾಯಿತಿಯ ಹೊಣೆಯ ಬಗ್ಗೆಯೂ ಹೇಳುವುದಿತ್ತು, ಆದರೆ ಲಚ್ಯಾಣದ ಕಥೆಯಲ್ಲೇ ನನ್ನ ಸಮಯ ಕಳೆದುಹೋಯಿತು. ಈ ಬೇಸಿಗೆಯಲ್ಲಿ ಬೋರ್ ಕೊರೆಸುವವರಿಗೆ ಒಂದೇ ವಿನಂತಿ: ಬಾಯಿ ಮುಚ್ಚುವವರೆಗೂ ಲಾರಿಯನ್ನು ಹೊಲದಿಂದ ಬಿಡಬೇಡಿ. ಬಾಕಿ ಹಣವನ್ನು ಆಮೇಲೆ ಎಣಿಸಿ ಕೊಡಿ.

ನಮಸ್ಕಾರ.