ಸೇವಂತಿಗೆಗೆ ಕತ್ತಲೆ ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಕಾರ್ತಿಕ ಬಂತು ಅಂದರೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ. "ಸಾರ್, ಸೇವಂತಿಗೆ ಗಿಡ ಸೊಂಪಾಗಿ ಬೆಳೆದಿದೆ, ಒಂದು ಮೊಗ್ಗೂ ಇಲ್ಲ. ಯಾವ ಗೊಬ್ಬರ ಹಾಕಲಿ?" ಗೊಬ್ಬರ ಬೇಡ ತಾಯಿ. ರಾತ್ರಿ ಆ ಗಿಡಕ್ಕೆ ಕತ್ತಲೆ ಸಿಗುತ್ತಾ, ಮೊದಲು ಅದನ್ನು ನೋಡಿ.

ಸೇವಂತಿಗೆ ಹೂ ಬಿಡುವುದು ರಾತ್ರಿ ಉದ್ದವಾದಾಗ. ನಮ್ಮ ಮೈಸೂರಿನಲ್ಲಿ ಜೂನ್ ತಿಂಗಳ ಹಗಲು 13 ಗಂಟೆಗೆ ಹತ್ತಿರ. ಡಿಸೆಂಬರಿನಲ್ಲಿ ಹನ್ನೊಂದೂವರೆಗಿಂತ ಕಡಿಮೆ. ಈ ವ್ಯತ್ಯಾಸ ನಮಗೆ ಗೊತ್ತೇ ಆಗುವುದಿಲ್ಲ, ಎಲೆಗೆ ಗೊತ್ತಾಗುತ್ತದೆ. ರಾತ್ರಿ ಸಾಕಷ್ಟು ಉದ್ದವಾಯಿತು ಅಂದರೆ ತುದಿಯಲ್ಲಿ ಎಲೆ ಬರುವುದು ನಿಂತು ಮೊಗ್ಗು ಕಟ್ಟುತ್ತದೆ. ನಡುವೆ ದೀಪದ ಬೆಳಕು ಬಿತ್ತೋ, ಲೆಕ್ಕ ತಪ್ಪಿತು.

ಮೈಸೂರಿನಲ್ಲೇ ಒಂದು ಮನೆಗೆ ಹೋಗಿದ್ದೆ. ಕಾಂಪೌಂಡಿನ ಉದ್ದಕ್ಕೂ ಸೇವಂತಿಗೆ ಕುಂಡಗಳು. ಗಿಡ ಸೊಂಟದವರೆಗೆ ಬಂದಿದೆ, ಎಲೆ ಕಡು ಹಸಿರು, ಹೂವು ಮಾತ್ರ ಇಲ್ಲ. ಆ ಮನೆಯ ಅಜ್ಜಿ ಕಡಲೆಕಾಯಿ ಹಿಂಡಿ ನೆನೆಸಿ ಹಾಕಿದ್ದಾರೆ, ಮೊಟ್ಟೆ ಸಿಪ್ಪೆ ಹಾಕಿದ್ದಾರೆ, ಟೀ ಚರಟ ಹಾಕಿದ್ದಾರೆ. ಮಗ ಬೇರೆ ಯೂರಿಯಾ ತಂದು ಸುರಿದಿದ್ದಾನೆ. ಯೂರಿಯಾ ಸುರಿದರೆ ಬರುವುದು ಸೊಪ್ಪು! ನಾನು ಕುಂಡ ಮುಟ್ಟಲೇ ಇಲ್ಲ, ತಲೆ ಎತ್ತಿ ನೋಡಿದೆ. ಗೇಟಿನ ಕಂಬದ ಮೇಲೆ ದೊಡ್ಡ ಎಲ್‌ಇಡಿ ದೀಪ.

"ಇದು ಎಷ್ಟು ಹೊತ್ತು ಉರಿಯುತ್ತೆ ಅಜ್ಜಿ?"

"ಬೆಳಗಿನ ತನಕ. ಕಳ್ಳರ ಕಾಟ ಅಲ್ವಾ."

ನಾಲ್ಕು ಕುಂಡ ಹಿತ್ತಲಿಗೆ ಸಾಗಿಸಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಡಿಸಿದೆ. ಅಜ್ಜಿಗೆ ನಂಬಿಕೆಯೇ ಇಲ್ಲ. "ಕತ್ತಲಲ್ಲಿ ಬಾಡಲ್ವೇನಪ್ಪಾ?" ಹಗಲು ಬಿಸಿಲು ಬೀಳುತ್ತೆ, ಅಷ್ಟು ಸಾಕು ಅಂದೆ. ತಿಂಗಳು ಕಳೆಯುವಷ್ಟರಲ್ಲಿ ಹಿತ್ತಲಿನ ಗಿಡಗಳಲ್ಲಿ ಕಡಲೆಕಾಳಿನಷ್ಟು ಹಸಿರು ಮೊಗ್ಗು, ಒಂದೊಂದು ಕೊಂಬೆಗೆ ನಾಲ್ಕೈದು. ಗೇಟಿನ ಕಡೆಯವು ಎಲೆ ಬಿಡುತ್ತಲೇ ನಿಂತಿದ್ದವು. ಅದೇ ಮಣ್ಣು, ಅದೇ ಹಿಂಡಿ, ಅದೇ ಅಜ್ಜಿ.

ಹೂ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲು ಸಾಲು ಬಲ್ಬು ಉರಿಯುತ್ತವೆ. ಮೊಗ್ಗು ಬೇಗ ಬರಬಾರದು, ಗಿಡ ಇನ್ನಷ್ಟು ಬೆಳೆಯಲಿ ಅಂತ. ಅವರು ಬೇಕು ಅಂತ ಮಾಡುವುದನ್ನು ನೀವು ಗೊತ್ತಿಲ್ಲದೆ ಮಾಡುತ್ತಿದ್ದೀರಿ.

ಬೀದಿ ದೀಪವಾದರೆ ಆರಿಸುವ ಹಾಗಿಲ್ಲ. ಕುಂಡ ಎತ್ತಿಡಿ. ಗಿಡ ನೆಲದಲ್ಲಿದ್ದರೆ ಸಂಜೆ ದಪ್ಪ ಕಪ್ಪು ಬಟ್ಟೆ ಮುಚ್ಚಿ, ಬೆಳಿಗ್ಗೆ ತೆಗೆಯಿರಿ. ಸುಮ್ನೆ ಗೊಬ್ಬರದ ಅಂಗಡಿಗೆ ಓಡಬೇಡಿ.

ಮಲ್ಲಿಗೆ ವಿಷಯ ಜಾಸ್ತಿ ಹೇಳಬೇಕು ಅಂದುಕೊಂಡಿದ್ದೆ, ಹೊತ್ತಿಲ್ಲ. ದುಂಡು ಮಲ್ಲಿಗೆಗೆ ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿ. ಅಯ್ಯೋ ಪಾಪ ಅನ್ನಬೇಡಿ. ಹೂವು ಬರುವುದು ಹೊಸ ಚಿಗುರಿನಲ್ಲೇ, ಮಾರ್ಚ್ ಹೊತ್ತಿಗೆ ನೋಡಿ. ಜಾಜಿಗೆ ಈಗ ಕತ್ತರಿ ಬೇಡ, ಡಿಸೆಂಬರ್ ಕೊನೆಗೆ ಹಾಕಿ. ದಾಸವಾಳದ ಮೊಗ್ಗಿನ ಬುಡದಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆಯಿರಿ.

ಇವತ್ತು ರಾತ್ರಿ ಊಟ ಮುಗಿಸಿ, ಪೇಪರ್ ಹಿಡಿದುಕೊಂಡು ಸೇವಂತಿಗೆ ಕುಂಡದ ಹತ್ತಿರ ಹೋಗಿ ನಿಲ್ಲಿ. ಅಲ್ಲಿ ಅಕ್ಷರ ಓದಲು ಬಂದರೆ ಕುಂಡ ಎತ್ತಿ ಬೇರೆ ಕಡೆ ಇಡಿ. ನಮಸ್ಕಾರ.