ಬಾಗಿಲ ಮೇಲಿನ ನಂಬರು ಯಾರಿಗೆ?

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಕೊಡೆ ಹಿಡಿದು ಬಂದಿದ್ದೀರಿ, ತುಂಬಾ ಸಂತೋಷ.

ನಾನು ನಮ್ಮ ಚಿಕ್ಕಮಗಳೂರಿನಲ್ಲಿ ಇಪ್ಪತ್ತಾರು ವರ್ಷ ಕರೆಂಟ್ ಮೀಟರ್ ಓದಿದವನು. ಪ್ರತಿ ತಿಂಗಳ ಮೊದಲ ಹದಿನೈದು ದಿನ ಬೀದಿ ಸುತ್ತುವುದೇ ಕೆಲಸ. "ಅಮ್ಮಾ, ಕರೆಂಟ್ ಬಿಲ್ಲಿನವರು ಬಂದ್ರು" ಅಂತ ಮಗು ಒಳಗೆ ಓಡುತ್ತದೆ. ನಾನು ಮೀಟರ್ ನೋಡಿ, ಬಿಲ್ ಹರಿದು ಕೊಟ್ಟು, ಮುಂದಿನ ಮನೆಗೆ ಹೋಗುತ್ತೇನೆ. ಇವತ್ತು ರಸ್ತೆಗಳ ಹೆಸರು, ಮನೆಗಳ ನಂಬರಿನ ಬಗ್ಗೆ ಮಾತಾಡಿ ಅಂದಾಗ ಒಪ್ಪಿಕೊಂಡಿದ್ದು ಅದಕ್ಕೇ. ಈ ವಿಷಯವನ್ನು ನಾನು ಕಾಲಿನಿಂದ ಕಲಿತಿದ್ದೇನೆ.

ನಿಮ್ಮ ಮನೆ ಬಾಗಿಲನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಚೌಕಟ್ಟಿನ ಮೇಲೆ ನಗರಸಭೆಯ ಹಳೇ ತಗಡಿನ ನಂಬರು. ಪಕ್ಕದಲ್ಲಿ ಜನಗಣತಿಯವರು ಬರೆದು ಹೋದದ್ದು. ಗೋಡೆ ಮೇಲೆ ಪಲ್ಸ್ ಪೋಲಿಯೋದವರ ಸೀಮೆಸುಣ್ಣದ ಗುರುತು. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ, ಅಂದರೆ ಜಾತಿಗಣತಿಗೆ, ಅಂಟಿಸಿದ ಚೀಟಿ. ಗೇಟಿನ ಕಂಬದಲ್ಲಿ ಮನೆ ಕಟ್ಟಿದವರು ಕಲ್ಲಿನಲ್ಲಿ ಕೆತ್ತಿಸಿದ ಸೈಟ್ ನಂಬರು. ಒಂದು ಬಾಗಿಲಿಗೆ ಐದು ನಂಬರು. ಆದರೆ ಇದರಲ್ಲಿ ಯಾವುದನ್ನು ಹಿಡಿದು ಹುಡುಕಿಕೊಂಡು ಬಂದರೂ ಹೊಸಬರಿಗೆ ಮನೆ ಸಿಗುವುದಿಲ್ಲ, ಅಲ್ವಾ?

ಯಾಕೆಂದರೆ ಪ್ರತಿ ನಂಬರೂ ಅದನ್ನು ಕೊಟ್ಟವರ ಪುಸ್ತಕಕ್ಕಾಗಿ ಹುಟ್ಟಿದ್ದು. ತೆರಿಗೆಯವರಿಗೆ ಖಾತೆ ಬೇಕು, ಗಣತಿಯವರಿಗೆ ತಲೆ ಲೆಕ್ಕ ಬೇಕು. ನಾನು ಓದುತ್ತಿದ್ದ, ಕರೆಂಟ್ ಬಿಲ್ಲಿನ ಮೇಲಿರುವ ಆರ್.ಆರ್. ನಂಬರನ್ನೇ ತೆಗೆದುಕೊಳ್ಳಿ. ಗೃಹಜ್ಯೋತಿಗೆ ಅರ್ಜಿ ಹಾಕುವಾಗ ಎಲ್ಲರೂ ಅದನ್ನು ಹುಡುಕಿದ್ದೀರಿ. ಆ ನಂಬರು ಕರೆಂಟ್ ಸಂಪರ್ಕ ತೆಗೆದುಕೊಂಡ ವರಸೆಯಲ್ಲಿ ಬರುತ್ತದೆ. ಮೂವತ್ತು ವರ್ಷದ ಹಿಂದಿನ ಮನೆಗೆ ಒಂದು ನಂಬರು, ಅದರ ಗೋಡೆಗೆ ಗೋಡೆ ಸೇರಿಸಿ ಮೊನ್ನೆ ಕಟ್ಟಿದ ಮನೆಗೆ ಸಾವಿರಗಟ್ಟಲೆ ದೂರದ ಇನ್ನೊಂದು ನಂಬರು. ಬಿಲ್ ಮಾಡಲು ಅದು ಸಾಕು, ಮನೆ ಹುಡುಕಲು ಸಾಲದು. ಆದರೂ 2025ರ ಸಮೀಕ್ಷೆಗೆ ಮನೆಗಳನ್ನು ಗುರುತಿಸಬೇಕಾದಾಗ ಸರ್ಕಾರ ಹಿಡಿದದ್ದು ಮೀಟರನ್ನೇ. ಮೀಟರ್ ಓದುವವರೇ ಮನೆ ಮನೆಗೆ ಚೀಟಿ ಅಂಟಿಸಿದರು. ನನ್ನ ಜೊತೆ ಕೆಲಸ ಮಾಡಿದ ಹುಡುಗರು ಚೀಟಿ ಹಿಡಿದು ನಮ್ಮ ಬೀದಿಗೂ ಬಂದಾಗ ನನಗೆ ಹೆಮ್ಮೆಯೂ ಆಯಿತು, ಬೇಜಾರೂ ಆಯಿತು. ಇಷ್ಟು ವರ್ಷ ಆದರೂ ಮನೆ ಗುರುತಿಸಲು ಅದಕ್ಕಿಂತ ಒಳ್ಳೆ ದಾರಿ ನಮ್ಮಲ್ಲಿ ಇರಲಿಲ್ಲವಲ್ಲ ಅಂತ.

ಹೆಸರಿನ ಕತೆಯೇ ಬೇರೆ. ನಮ್ಮ ಊರಿನ ಹೆಸರೇ ಒಂದು ವಿಳಾಸ ಇದ್ದ ಹಾಗೆ. ಸಖರಾಯಪಟ್ಟಣದ ರುಕ್ಮಾಂಗದ ರಾಜ ಚಿಕ್ಕ ಮಗಳಿಗೆ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು ಅಂತ ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಬಸವನಹಳ್ಳಿ, ರಾಮನಹಳ್ಳಿ ಅಂತ ಈಗಲೂ ಕರೆಯುತ್ತೇವೆ. ಪಟ್ಟಣ ಬೆಳೆದು ಹಳ್ಳಿಯನ್ನು ಒಳಗೆ ತೆಗೆದುಕೊಂಡಿತು, ಹೆಸರನ್ನು ಮಾತ್ರ ಹಾಗೇ ಉಳಿಸಿತು. ಇನ್ನು ಹಳೇ ದಾರಿಗಳು ತಾವು ಹೋಗುವ ಊರಿನ ಹೆಸರನ್ನೇ ಇಟ್ಟುಕೊಂಡವು. ಬೇಲೂರು ರಸ್ತೆ, ಮಲ್ಲಂದೂರು ರಸ್ತೆ. ಇಲ್ಲಿ ಬೇಲೂರು ರಸ್ತೆ ಅನ್ನಿಸಿಕೊಂಡದ್ದು ಬೇಲೂರಿಗೆ ಹೋದರೆ ಚಿಕ್ಕಮಗಳೂರು ರಸ್ತೆ. ದಾರಿ ಕೇಳುವವನಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ಹೆಸರಿನೊಳಗೇ ಉತ್ತರ ಇದೆ.

ಕೆ.ಎಂ. ರಸ್ತೆ ಕೂಡ ಅಂಥದ್ದೇ. ಕಡೂರು–ಮಂಗಳೂರು ರಸ್ತೆ. 1947ರವರೆಗೆ ನಮ್ಮ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರಿತ್ತು. ಈಗ ಶಾಲೆಯ ಮಕ್ಕಳನ್ನು ಕೇಳಿ, ಕೆ.ಎಂ. ಅಂದರೆ ಏನು ಅಂತ. ಕಿಲೋಮೀಟರ್ ಅನ್ನುತ್ತಾರೆ. ತಪ್ಪು ಮಕ್ಕಳದ್ದಲ್ಲ, ಎರಡು ಅಕ್ಷರ ಮಾಡಿ ಕೈಗೆ ಕೊಟ್ಟವರು ನಾವು. ಐ.ಜಿ. ರಸ್ತೆಯೂ ಹಾಗೇ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ನಮ್ಮ ಕ್ಷೇತ್ರದಿಂದ ಉಪಚುನಾವಣೆ ಗೆದ್ದರು, ಇಡೀ ದೇಶ ಈ ಕಡೆ ನೋಡಿತು. ಅವರ ಹೆಸರಿನ ರಸ್ತೆಯನ್ನು ಬೋರ್ಡಿನಲ್ಲೂ ಐ.ಜಿ. ಅಂತಲೇ ಬರೆದರೆ, ಹೆಸರು ಇಟ್ಟು ಏನು ಬಂತು? ಬೋರ್ಡಿನ ಮೇಲಾದರೂ ಪೂರ್ತಿ ಹೆಸರು ಇರಲಿ. ಬಾಯಲ್ಲಿ ಜನ ತಮಗೆ ಬೇಕಾದ ಹಾಗೆ ಚಿಕ್ಕದು ಮಾಡಿಕೊಳ್ಳಲಿ, ಅದು ಅವರ ಹಕ್ಕು.

ರಸ್ತೆಗೆ ಹೆಸರಿಡುವ, ಮನೆಗಳಿಗೆ ನಂಬರು ಕೊಡುವ ಅಧಿಕಾರ ನಗರಸಭೆಯದು. 1964ರ ಪುರಸಭೆಗಳ ಕಾಯ್ದೆಯಲ್ಲಿ ಅದು ಇದೆ. ಹೆಸರಿನ ಮಾತು ಬಂದರೆ ಸಭೆ ತುಂಬುತ್ತದೆ, ಜಗಳ ಆಗುತ್ತದೆ, ಪೇಪರಿನಲ್ಲಿ ಬರುತ್ತದೆ. ನಂಬರಿಗಾಗಿ ಜಗಳ ಆಡಿದವರನ್ನು ನಾನು ನೋಡಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಬೇಕಾಗುವುದು ನಂಬರು.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ನಮ್ಮ ಮಾವನವರಿಗೆ ಎದೆನೋವು ಬಂತು. ಆಂಬುಲೆನ್ಸಿಗೆ ಫೋನ್ ಮಾಡಿ ಬಡಾವಣೆ ಹೆಸರು, ಮನೆ ನಂಬರು 17 ಅಂತ ಹೇಳಿದೆವು. ಗಾಡಿ ಬೇಗನೇ ಬಂತು. ಆದರೆ ಪಕ್ಕದ ಬಡಾವಣೆಯ 17ರ ಮುಂದೆ ಹೋಗಿ ನಿಂತಿತು. ಆ ಮನೆಯವರು ಗಾಬರಿಯಿಂದ ಎದ್ದು ಬಂದರು. ನಮಗೆ ಸೈರನ್ ಕೇಳುತ್ತಿದೆ, ಗಾಡಿ ಮಾತ್ರ ಕಾಣುತ್ತಿಲ್ಲ. ಕೊನೆಗೆ ನನ್ನ ಮಗ ಟಾರ್ಚ್ ಹಿಡಿದು ಓಡಿಹೋಗಿ ಕರೆದುಕೊಂಡು ಬಂದ. ಮಾವ ಉಳಿದರು. ಆದರೆ ಆ ಹನ್ನೊಂದು ನಿಮಿಷ ನಮ್ಮ ಅತ್ತೆ ಗೇಟು ಹಿಡಿದು ನಿಂತಿದ್ದನ್ನು ನಾನು ಮರೆತಿಲ್ಲ. ಡ್ರೈವರ್ ಸರಿಯಾಗೇ ಬಂದಿದ್ದ. ಅವನಿಗೆ ಹೇಳಿದ ನಂಬರು ಎರಡು ಕಡೆ ಇತ್ತು, ಅಷ್ಟೇ.

ಎರಡು 17 ಹೇಗೆ ಬಂತು? ಹೊಲವೊಂದು ಬಡಾವಣೆ ಆಗುವಾಗ ಅದಕ್ಕೊಂದು ಸರ್ವೆ ನಂಬರು ಇರುತ್ತದೆ. ನಕ್ಷೆ ಮಾಡಿದವರು ಆ ಹೊಲದೊಳಗೆ ಒಂದರಿಂದ ಎಣಿಸುತ್ತಾರೆ. ಪಕ್ಕದ ಹೊಲ ಇನ್ನೊಬ್ಬರದು. ಅವರೂ ಒಂದರಿಂದಲೇ ಎಣಿಸುತ್ತಾರೆ. ನಡುವೆ ಇದ್ದ ಬೇಲಿ ಹೋಗಿ ರಸ್ತೆ ಒಂದಾದ ಮೇಲೆ ಅದೇ ಬೀದಿಯಲ್ಲಿ ಎರಡು 17, ಎರಡು 18. ಅದೂ ಸಾಲದು ಅಂತ, ಸೈಟಿನ ಎಣಿಕೆ ಒಂದು ಸಾಲಿನಲ್ಲಿ ಮೇಲೆ ಹೋಗಿ ಇನ್ನೊಂದು ಸಾಲಿನಲ್ಲಿ ಕೆಳಗೆ ಬರುತ್ತದೆ. 20ರ ಎದುರಿಗೆ 21, 1ರ ಎದುರಿಗೆ 40. ಆಮೇಲೆ ಅಣ್ಣ ತಮ್ಮ ಪಾಲು ಮಾಡಿಕೊಂಡರೆ 12/1, 12/2. ಅದರ ಹಿಂದೆ ಬಾಡಿಗೆಗೆ ಎರಡು ಮನೆ ಕಟ್ಟಿದರೆ 12/2ಎ. ಕಾಗದಕ್ಕೆ ಇದೆಲ್ಲ ಬೇಕು, ನಾನು ಬೇಡ ಅನ್ನುವುದಿಲ್ಲ. ಖಾತೆ ನಂಬರು ಖಾತೆಯಲ್ಲಿರಲಿ. ಅದನ್ನು ತಂದು ಗೇಟಿಗೆ ಹಾಕಿ ವಿಳಾಸ ಅಂದದ್ದೇ ನಾವು ಮಾಡಿದ ತಪ್ಪು. ವಾರ್ಡ್ ನಂಬರನ್ನು ವಿಳಾಸಕ್ಕೆ ಸೇರಿಸುವುದೂ ಅಂಥದ್ದೇ. ವಿಂಗಡಣೆ ಆದಾಗ ವಾರ್ಡ್ ಬದಲಾಗುತ್ತದೆ, ಮನೆ ಮಾತ್ರ ಇದ್ದಲ್ಲೇ ಇರುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾ 1770ರಲ್ಲಿ ಮನೆಗಳಿಗೆ ನಂಬರು ಹಾಕಿಸಿದಳು, ಸೈನ್ಯಕ್ಕೆ ಗಂಡಸರನ್ನು ಎಣಿಸುವುದಕ್ಕೆ. ಜಪಾನಿನಲ್ಲಿ ಜಾಗ ನೋಂದಾಯಿಸಿದ ವರಸೆಯಲ್ಲಿ ನಂಬರು ಇರುತ್ತಿತ್ತು, ಥೇಟ್ ನಮ್ಮ ಆರ್.ಆರ್. ನಂಬರಿನ ಹಾಗೆ. ಜನ ಮನೆ ಹುಡುಕಲಾರದೆ ಸೋತರು. 1962ರಲ್ಲಿ ಅವರು ಕಾನೂನನ್ನೇ ಮಾಡಿ ಸರಿಮಾಡಲು ಹೊರಟರು. ಪ್ಯಾರಿಸಿನವರು 1805ರಲ್ಲೇ ರಸ್ತೆಯ ಒಂದು ಕಡೆ ಬೆಸ, ಇನ್ನೊಂದು ಕಡೆ ಸಮ ಅಂತ ಮಾಡಿಕೊಂಡರು. ಹುಡುಕುವವರು ರಸ್ತೆಯ ಯಾವ ಪಕ್ಕ ನಡೆಯಬೇಕು ಅನ್ನುವುದು ಅಲ್ಲಿಗೆ ಗೊತ್ತಾಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ಪದ್ಧತಿ. ಅಲ್ಲಿ ಮನೆ ನಂಬರು ಅಂದರೆ ದೂರ. ರಸ್ತೆ ಶುರುವಾದ ಕಡೆಯಿಂದ ಮನೆ ಎಷ್ಟು ಮೀಟರ್ ದೂರ ಇದೆಯೋ ಅದೇ ಅದರ ನಂಬರು. ಆಸ್ಟ್ರೇಲಿಯಾದ ಹಳ್ಳಿಗಾಡಿನಲ್ಲೂ ಹೀಗೇ ಅಳೆಯುತ್ತಾರೆ. ಅಲ್ಲಿ ಮನೆಗಳು ದೂರ ದೂರ ಇರುವುದರಿಂದ ಹತ್ತು ಮೀಟರಿಗೆ ಒಂದು ಎಣಿಕೆ. ನಮ್ಮ ಕಾಫಿ ತೋಟದ ದಾರಿಗಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ನಮ್ಮ ಬೀದಿಗೆ ಇದನ್ನು ತನ್ನಿ. ಹನುಮಂತಪ್ಪ ವೃತ್ತವನ್ನು ಊರಿನ ಸೊನ್ನೆ ಅಂದುಕೊಳ್ಳೋಣ. ಯಾವುದೇ ಕ್ರಾಸ್ ಇರಲಿ, ಅದರ ಎರಡು ತುದಿಯಲ್ಲಿ ವೃತ್ತಕ್ಕೆ ಹತ್ತಿರ ಇರುವ ತುದಿಯಿಂದ ಟೇಪ್ ಹಿಡಿದು ಅಳೆಯಿರಿ. ಬಲಗಡೆಗೆ ಸಮ, ಎಡಗಡೆಗೆ ಬೆಸ ಇರಲಿ. ಗೇಟು 84 ಮೀಟರಿಗೆ ಬಂತು, ಬಲಗಡೆ ಇದೆ ಅಂದರೆ ಆ ಮನೆ 84. ಎದುರಿಗೆ ಎಡಗಡೆ ಇರುವುದು 85. ಬಲಗಡೆಯಲ್ಲಿ 60ಕ್ಕೂ 84ಕ್ಕೂ ನಡುವಿನ ಖಾಲಿ ಸೈಟಿನಲ್ಲಿ ನಾಳೆ ಮನೆ ಬಂದರೆ ಅದು 72 ಆಗುತ್ತದೆ. ಯಾರ ನಂಬರೂ ಅಲುಗುವುದಿಲ್ಲ, ಎ, ಬಿ ಬೇಕಾಗುವುದಿಲ್ಲ. ಕ್ರಾಸಿನ ಬಾಯಲ್ಲಿ ನಿಂತ ಡ್ರೈವರಿಗೆ ಬಲಗಡೆ, 84 ಮೀಟರ್ ಅಂತ ಇಷ್ಟು ಗೊತ್ತಾದರೆ ಸಾಕು. ಬೇರೆ ಯಾರನ್ನೂ ಎಬ್ಬಿಸಿ ಕೇಳಬೇಕಾಗಿಲ್ಲ.

ಮೊಬೈಲ್ ಇದೆಯಲ್ಲ, ಲೊಕೇಶನ್ ಕಳಿಸಿದರೆ ಆಯಿತು ಅಂತ ಕೆಲವರು ಹೇಳುತ್ತಾರೆ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಅಂತ ಒಂದು ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಮಾಡಿ, ಒಂದೊಂದು ಚೌಕಕ್ಕೂ ಹತ್ತು ಅಕ್ಷರ, ಅಂಕಿಯ ಗುರುತು ಕೊಟ್ಟಿದ್ದಾರೆ. 1972ರಲ್ಲಿ ಬಂದ ಪಿನ್ ಕೋಡ್ ಎಷ್ಟು ದೊಡ್ಡ ಜಾಗವನ್ನು ಹಿಡಿಯುತ್ತದೆ ನೋಡಿ. 577 ಅಂದರೆ ನಾವೂ ಹೌದು, ಶಿವಮೊಗ್ಗವೂ ಹೌದು, ದಾವಣಗೆರೆಯೂ ಹೌದು. 577101 ಅಂದರೆ ಊರಿನ ಅಂಚೆ ಕಚೇರಿ ತನಕ ಬಂದ ಹಾಗಾಯಿತು. ಡಿಜಿಪಿನ್ ಬಾಗಿಲ ತನಕ ಬರುತ್ತದೆ, ಒಳ್ಳೆಯ ಕೆಲಸ. ಆದರೆ ಎದೆನೋವಿನ ಮನೆಯಲ್ಲಿ ಹತ್ತು ಅಕ್ಷರ ನೆನಪಿಟ್ಟು ಫೋನಿನಲ್ಲಿ ಹೇಳುವವರು ಯಾರು? ಕೆಳಗಿನ ಮನೆಗೂ ಮೇಲಿನ ಮನೆಗೂ ಅದು ಒಂದೇ. ಮೆಟ್ಟಿಲ ಕೆಳಗೆ ಸಾಲಾಗಿ ನಾಲ್ಕು ಕರೆಂಟ್ ಮೀಟರ್ ಓದಿದವನಿಗೆ ಆ ಕಷ್ಟ ಗೊತ್ತು. ಗೇಟಿನ ಮೇಲೆ ಕಣ್ಣಿಗೆ ಕಾಣುವ, ಬಾಯಲ್ಲಿ ಹೇಳಲು ಬರುವ ನಂಬರು ಬೇಕೇ ಬೇಕು.

ನಾವು ಇನ್ನೂ ದಾರಿ ಹೇಳುವುದು ಹೇಗೆ? ಮಿಲ್ಲಿನ ಹತ್ತಿರ ಎಡಕ್ಕೆ ತಿರುಗಿ, ಅರಳಿಮರ ದಾಟಿ, ಹಸಿರು ಗೇಟು. ಕೇಳಲು ಚೆನ್ನಾಗಿದೆ, ನನಗೂ ಇಷ್ಟ. ಆದರೆ ಮಿಲ್ಲು ಮುಚ್ಚಿ ಹತ್ತು ವರ್ಷ ಆಯಿತು, ಗೇಟಿಗೆ ಹೋದ ಗೌರಿಹಬ್ಬಕ್ಕೆ ನೀಲಿ ಬಣ್ಣ ಬಳಿದರು. ಊರಿನವರಿಗೆ ಈ ದಾರಿ ಸಾಕು. ಆದರೆ ಊರಿನವರು ವಿಳಾಸ ಕೇಳುವುದೇ ಇಲ್ಲವಲ್ಲ. ಕೇಳುವುದು ನಿನ್ನೆ ಕೆಲಸಕ್ಕೆ ಸೇರಿದ ಡೆಲಿವರಿ ಹುಡುಗ, ಬೇರೆ ಜಿಲ್ಲೆಯಿಂದ ಬಂದ ನರ್ಸಮ್ಮ, ಮಗಳ ಮನೆ ಹುಡುಕುತ್ತಾ ಮೊದಲ ಸಲ ಬಸ್ ಇಳಿದ ಅಜ್ಜಿ.

ಹೋದ ತಿಂಗಳು ನಮ್ಮ ಕ್ರಾಸನ್ನು ಅಳೆಯಲು ಶುರುಮಾಡಿದ್ದೇವೆ. ಇಂಜಿನಿಯರಿಂಗ್ ಓದುವ ಪಕ್ಕದ ಮನೆ ಹುಡುಗಿ ನಕ್ಷೆ ಬರೆಯುತ್ತಾಳೆ, ನಾನು ಟೇಪ್ ಹಿಡಿಯುತ್ತೇನೆ. 23 ಮನೆಯಲ್ಲಿ 14 ಆಗಿದೆ. ಒಬ್ಬರಿಗೆ 62 ಬಂತು. ಕೂಡಿದರೆ ಎಂಟಾಗುತ್ತದೆ, ನಮಗೆ ಎಂಟು ಆಗಿಬರುವುದಿಲ್ಲ ಅಂದರು. ಅವರ ಗೇಟು ಮೂರು ಮೀಟರ್ ಅಗಲ ಇತ್ತು, ಇನ್ನೊಂದು ತುದಿಗೆ ಅಳೆದು 64 ಕೊಟ್ಟೆವು. ಖುಷಿಯಿಂದ ಕಾಫಿ ಕೊಟ್ಟರು. 23 ಮನೆಯದ್ದೂ ಮುಗಿದ ಮೇಲೆ ನಕ್ಷೆ ಸೇರಿಸಿ, ಎಲ್ಲರ ಸಹಿ ಹಾಕಿಸಿ ನಗರಸಭೆಗೆ ಮನವಿ ಕೊಡುತ್ತೇವೆ. ನಿಮ್ಮ ಬೀದಿಗೂ ಬೇಕಾದರೆ ಹೇಳಿ. ಭಾನುವಾರ ಬೆಳಿಗ್ಗೆ ಏಳಕ್ಕೆ, ಗಾಡಿ ಓಡಾಟ ಶುರುವಾಗುವ ಮೊದಲು ಬರುತ್ತೇನೆ. ಐವತ್ತು ಮೀಟರಿನ ಟೇಪ್ ನನ್ನ ಹತ್ತಿರ ಇದೆ. ಇನ್ನೊಂದು ತುದಿ ಹಿಡಿಯಲು ಒಬ್ಬರು ಸಾಕು.