ಮೂಲಪುರುಷ ಇರಲಿ, ಹಿಮ್ಮಡಿ ಮೂಳೆ ನೋಡಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಿಂದ ಮಾತಾಡುತ್ತಿದ್ದೇನೆ, ಹಿಂದೆ ಲೋಕಲ್ ರೈಲಿನ ಸದ್ದು ಕೇಳಿದರೆ ಸಹಿಸಿಕೊಳ್ಳಿ.

ನಮ್ಮ ಕನ್ನಡ ಬಳಗದ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ. "ಮನುಷ್ಯನ ಮೂಲಪುರುಷ ಸಿಕ್ಕಿದ್ದು ಮುಂಬೈ ಪಕ್ಕದಲ್ಲೇ!" ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಪಕ್ಕ ಅಂದರೆ ಗುಜರಾತಿನ ವಸ್ತಾನ್, ಸೂರತ್‌ನಿಂದ ಸುಮಾರು 40 ಕಿಲೋಮೀಟರ್. ಅಲ್ಲಿ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಲ್ಲಿ ಪಳೆಯುಳಿಕೆ ಸಿಕ್ಕಿದ್ದು ನಿಜ. ಮೂಲಪುರುಷ ಅನ್ನುವುದು ಮಾತ್ರ ಸುಮ್ನೆ ಸೇರಿಸಿದ್ದು.

ಈ ಮೂಲಪುರುಷನ ಹುಚ್ಚು ಹೊಸದಲ್ಲ. ನಿಮ್ಮ ಅಪ್ಪ-ಅಮ್ಮನನ್ನು ಕೇಳಿ, ರಾಮಪಿಥೆಕಸ್ ನೆನಪಿರಬಹುದು. 1932ರಲ್ಲಿ ಹಿಮಾಚಲದ ಹರಿತಲ್ಯಂಗರ್‌ನಲ್ಲಿ ಸಿಕ್ಕ ದವಡೆಯ ಚೂರು. ಅದನ್ನೇ ಹಿಡಿದುಕೊಂಡು ವರ್ಷಗಟ್ಟಲೆ "ಇವನೇ ನಮ್ಮ ಪೂರ್ವಜ" ಅಂದರು. 1982ರಲ್ಲಿ ಪಾಕಿಸ್ತಾನದ ಪೊಟ್ವಾರ್‌ನಿಂದ ಶಿವಪಿಥೆಕಸ್ ಅನ್ನುವ ಹಳೆಯ ವಾನರದ ಮುಖದ ಮೂಳೆಗಳ ವಿವರ ಬಂತು. ನೋಡಿದರೆ ಒರಾಂಗುಟಾನ್ ಕಡೆಯ ನೆಂಟ! ರಾಮಪಿಥೆಕಸ್ ಕೂಡ ಅದೇ ಗುಂಪಿಗೆ ಸೇರಿಹೋಯಿತು.

ಚೂರು ಅಂತ ಹಾಗಾಯಿತು ಅನ್ನುತ್ತೀರಾ? ಹಾಗಾದರೆ 'ಇಡಾ' ಕಥೆ ಕೇಳಿ. ಜರ್ಮನಿಯ ಮೆಸೆಲ್ ಗುಂಡಿಯಲ್ಲಿ 1983ರಲ್ಲಿ ಸಿಕ್ಕ, 4.7 ಕೋಟಿ ವರ್ಷ ಹಳೆಯ ಅಸ್ಥಿಪಂಜರ. ಹೆಚ್ಚುಕಡಿಮೆ ಇಡೀ ದೇಹ. ರೋಮದ ಗುರುತು, ಹೊಟ್ಟೆಯೊಳಗಿನ ಕೊನೆಯ ಊಟ ಕೂಡ ಉಳಿದಿತ್ತು. 2009ರಲ್ಲಿ, ಇದೇ ನಮ್ಮನ್ನು ಪೂರ್ವಜರಿಗೆ ಜೋಡಿಸುವ ಕೊಂಡಿ ಅಂತ, ನ್ಯೂಯಾರ್ಕ್‌ನಲ್ಲಿ ಮೇಯರ್ ಸಮೇತ ಸಮಾರಂಭ. ಪುಸ್ತಕ, ಟಿವಿ ಕಾರ್ಯಕ್ರಮ ಎಲ್ಲಾ ಮೊದಲೇ ತಯಾರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ನೊಂದು ತಂಡ ಈಜಿಪ್ಟಿನ ಪಳೆಯುಳಿಕೆ ಜೊತೆ ಇಟ್ಟು ಹೋಲಿಸಿ, ಇದು ಲೀಮರ್ ಅನ್ನುವ ಮರವಾಸಿ ಪ್ರಾಣಿಗಳ ಕಡೆಯ ಕೊಂಬೆ, ನಮ್ಮ ಕಡೆಯದಲ್ಲ ಅಂತ ತೋರಿಸಿತು. ಇಡೀ ಪ್ರಾಣಿ ಕೈಯಲ್ಲಿದ್ದರೂ ಹೀಗೆ.

ವಸ್ತಾನ್‌ನಲ್ಲೂ ಇದೇ ಆಯಿತು. 2008ರಲ್ಲಿ ಅಲ್ಲಿನ ಹಲ್ಲುಗಳನ್ನು ನೋಡಿ ಒಂದು ತಂಡ 'ಆಂತ್ರಾಸಿಮಿಯಾಸ್' ಅಂತ ಹೆಸರಿಟ್ಟು, ಮಂಗ-ಮನುಷ್ಯರ ಸಾಲಿಗೆ ಸೇರಿಸಿತು. ಬೇರೆಯವರು ಒಪ್ಪಲಿಲ್ಲ. ಜಗಳ ಹಲ್ಲಿನ ಏರುತಗ್ಗುಗಳ ಮೇಲೆ.

ನನಗೆ ಇಷ್ಟವಾಗುವುದು ಆಮೇಲೆ, 2016ರಲ್ಲಿ ಬಂದ ಕೆಲಸ. ಸದ್ದೇ ಮಾಡಲಿಲ್ಲ ಬಿಡಿ. ಮಾಡಿದವರು ನಮ್ಮ ಪಳೆಯುಳಿಕೆ ತಜ್ಞರಾದ ಅಶೋಕ್ ಸಾಹ್ನಿ, ಕಿಶೋರ್ ಕುಮಾರ್, ರಾಜೇಂದ್ರ ರಾಣಾ, ಅವರ ಜೊತೆ ಅಮೆರಿಕ, ಬೆಲ್ಜಿಯಂನವರು. ವಸ್ತಾನ್‌ನದೇ ಕೈಕಾಲಿನ 25 ಮೂಳೆಗಳು, ಸುಮಾರು 5.45 ಕೋಟಿ ವರ್ಷ ಹಳೆಯವು. ಪ್ರಾಣಿ ಇಲಿಯಷ್ಟು ದೊಡ್ಡದು. ನಮ್ಮ ತುಮಕೂರು ಕಡೆಯ ಕಾಡುಪಾಪ ಇದೆಯಲ್ಲ, ದೂರದಿಂದ ಅದರ ಬಳಗ. ಹಿಮ್ಮಡಿ ಮೂಳೆ ಮುಂದಕ್ಕೆ ಉದ್ದ ಚಾಚಿದ್ದರೆ ಅದು ಜಿಗಿಯುವುದರಲ್ಲಿ ಪಳಗಿದ ಪ್ರಾಣಿ. ಇವುಗಳದ್ದು ಹಾಗಿಲ್ಲ. ಹತ್ತುತ್ತಿತ್ತು, ಆಗಾಗ ಹಾರುತ್ತಿತ್ತು, ಯಾವುದರಲ್ಲೂ ಉಸ್ತಾದ್ ಅಲ್ಲ. ಲೀಮರ್-ಕಾಡುಪಾಪಗಳ ಕವಲು, ಮಂಗ-ಮನುಷ್ಯರ ಕವಲು ಬೇರೆಯಾಗುವ ಮೊದಲು ಪ್ರೈಮೇಟ್‌ಗಳ (ಇವೆಲ್ಲ ಸೇರಿದ ಬಳಗ) ಕಾಲು ಹೇಗಿತ್ತು ಅನ್ನುವುದಕ್ಕೆ ಇವು ತುಂಬಾ ಹತ್ತಿರ. ಮೂಲಪುರುಷ ಅನ್ನದೆಯೇ ಎಷ್ಟೊಂದು ಗೊತ್ತಾಯಿತು, ಅಲ್ವಾ?

ಈ ಮೂಳೆ ಹುಡುಕುವುದು ಹೇಗೆ ಗೊತ್ತಾ? ಲಿಗ್ನೈಟ್ ಪದರಗಳ ನಡುವೆ ಜೇಡಿಮಣ್ಣಿನ ತೆಳು ಪಟ್ಟೆ ಇರುತ್ತದೆ. ಆ ಮಣ್ಣನ್ನು ಮೂಟೆಗಟ್ಟಲೆ ತುಂಬಿ ತಂದು, ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆಯಬೇಕು. ಉಳಿದ ಚರಟವನ್ನು ಒಣಗಿಸಿ, ಮೈಕ್ರೋಸ್ಕೋಪ್ ಕೆಳಗೆ ಹರಡಿ, ಕಾಳಿನಂಥ ಹಲ್ಲು, ಕಡ್ಡಿಯಂಥ ಮೂಳೆ ಆರಿಸಬೇಕು. ಗಣಿಗೆ ಬೇಕಾದದ್ದು ಲಿಗ್ನೈಟ್. ಜೇಡಿಮಣ್ಣು ಅವರಿಗೆ ಕಸ, ಲಾರಿ ತುಂಬಿಸಿ ಆಚೆ ಸುರಿಯುತ್ತಾರೆ.

ನನ್ನ ತಕರಾರು ಇಲ್ಲಿದೆ. ಒಂದು ಹಲ್ಲಿಗೆ ಪಟ್ಟ ಕಟ್ಟಿ ಕುಣಿಯುತ್ತೇವೆ, ಆ ಮಣ್ಣು ಎಲ್ಲಿಗೆ ಹೋಯಿತು ಅಂತ ಕೇಳುವವರಿಲ್ಲ. ಮುಂಬೈನವರಿಗೆ ಇದು ಹೊಸದೇನಲ್ಲ. ವರ್ಲಿಯ ಲಾವಾ ಪದರಗಳ ನಡುವೆ ಪುಟ್ಟ ಕಪ್ಪೆಗಳ ಪಳೆಯುಳಿಕೆ ಸಿಕ್ಕಿತ್ತು, 1847ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್ ಅದರ ಬಗ್ಗೆ ಬರೆದರು. ಇವತ್ತು ಆ ಪದರ ಹುಡುಕಿಕೊಂಡು ವರ್ಲಿಗೆ ಹೋದರೆ ಸಿಗುವುದು ಟವರ್‌ಗಳು, ವಾಚ್‌ಮನ್‌ಗಳು.

2022ರಲ್ಲಿ ಕೇಂದ್ರದ ಗಣಿ ಸಚಿವಾಲಯ ಇಂಥ ಜಾಗಗಳ ರಕ್ಷಣೆಗೆ ಒಂದು ಕರಡು ಮಸೂದೆ ಹೊರಡಿಸಿತು. ಅಧಿಕಾರವೆಲ್ಲ ಜಿಯಾಲಜಿಕಲ್ ಸರ್ವೆ (ಕೇಂದ್ರದ ಭೂವಿಜ್ಞಾನ ಸಂಸ್ಥೆ) ಕೈಗೆ. ವಿಜ್ಞಾನಿಗಳೇ ಅದನ್ನು ವಿರೋಧಿಸಿದರು, ನನಗೂ ಅದು ಸರಿ ಅನ್ನಿಸಲಿಲ್ಲ. ಜರಡಿ ಹಿಡಿದು ಕೂರುವವರು ವಿಶ್ವವಿದ್ಯಾಲಯದ ಹುಡುಗ-ಹುಡುಗಿಯರು. ಅವರು ಒಂದು ಮೂಟೆ ಮಣ್ಣಿಗೆ ಆರು ತಿಂಗಳು ಅರ್ಜಿ ಹಿಡಿದು ಅಲೆಯುವ ಹಾಗಾದರೆ, ಅಷ್ಟರಲ್ಲಿ ಲಾರಿ ಹೋಗಿರುತ್ತದೆ.

ಹಾಗಂತ ಗಣಿ ಮುಚ್ಚಿ ಅನ್ನುತ್ತಿಲ್ಲ. ಗಣಿ ತೋಡದಿದ್ದರೆ ಈ ಮೂಳೆಗಳು ಸಿಗುತ್ತಲೇ ಇರಲಿಲ್ಲ, ಅದೂ ನಿಜ. ನಾನು ಕೇಳುವುದು ಇಷ್ಟೇ. ಮೂಳೆ ಇರುವ ಪಟ್ಟೆ ಕಂಡರೆ ಕೆಲವು ವಾರ ಆ ಮೂಲೆ ಬಿಟ್ಟು ಬೇರೆ ಕಡೆ ಅಗೆಯಿರಿ. ಅದೂ ಆಗದಿದ್ದರೆ, ಆ ಜೇಡಿಮಣ್ಣನ್ನಾದರೂ ಬೇರೆ ಗುಡ್ಡೆ ಹಾಕಿ. ಜರಡಿ ಹಿಡಿಯುವವರು ಬಂದು ತೆಗೆದುಕೊಂಡು ಹೋಗುತ್ತಾರೆ.